ಹನ್ನೊಂದನೆಯ ಹಾಸಿಗೆಯ ಹತ್ತು ಗಂಟೆ

೨೦೦೪ರ ಫೆಬ್ರುವರಿ ೧೭, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಅನಸೂಯ ಹನ್ನೊಂದನೆಯ ಹಾಸಿಗೆಯ ಹತ್ತಿರ ಹೋಗಲಿಲ್ಲ. ಹತ್ತನೆಯದರವರೆಗೆ ಹೋಗಿದ್ದಳು. ಅಲ್ಲಿನ ಹೆಂಗಸಿನ ತೋಳಿನಿಂದ ಪಟ್ಟಿ ಬಿಚ್ಚಿ, ರಕ್ತದೊತ್ತಡ ಅಳೆಯುವ ಪಾದರಸದ ಪೆಟ್ಟಿಗೆ ಮುಚ್ಚಿ, ೧೪೨/೯೬ ಎಂದು ಬರೆದು, ತಲೆನೋವು, ಕಣ್ಣು ಮಂಜು, ಎದೆ ಬಿಗಿತ ಮೂರನ್ನೂ ಕೇಳಿ ಮೂರಕ್ಕೂ ಇಲ್ಲವೆಂದು ಗುರುತು ಹಾಕಿ ತಲೆ ಎತ್ತಿದಾಗ ಮುಂದಿನ ಮಂಚದ ಮೇಲೆ ಶಾರದಮ್ಮನ ಬೆನ್ನು ಕಂಡಿತು. ಆಕೆ ಮಗಳ ಜಡೆ ಹೆಣೆಯುತ್ತಿದ್ದಳು. ಮಗಳು ತೃಪ್ತಿ, ಇಪ್ಪತ್ಮೂರು ವರ್ಷ, ಮೊದಲ ಬಸಿರು, ಮೂವತ್ಮೂರನೆಯ ವಾರ, ಕಣ್ಣು ಮುಚ್ಚಿಕೊಂಡು ಕುಳಿತಿದ್ದಳು. ತಾಯಿ ತಿರುಗಿ ನೋಡಿರಲಿಲ್ಲ. ನೋಡುವ ಮೊದಲೇ ಅನಸೂಯ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹನ್ನೆರಡನೆಯ ಹಾಸಿಗೆಗೆ ಹೋದಳು. ಮರಳುವಾಗ ನೋಡಿದರಾಯಿತು ಎಂದುಕೊಂಡಳು. ಹನ್ನೆರಡು, ಹದಿಮೂರು, ಹದಿನಾಲ್ಕು. ಹದಿನಾಲ್ಕು ಮುಗಿದ ಮೇಲೆ ಮರಳಲು ಎರಡು ದಾರಿಗಳಿದ್ದವು, ಮಂಚಗಳ ನಡುವಿನದು ಮತ್ತು ಹೊರಗಿನ ವರಾಂಡದ್ದು. ವರಾಂಡದಲ್ಲಿ ಗಾಳಿ ಚೆನ್ನಾಗಿರುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡದ್ದು ಆಮೇಲೆ ನೆನಪಾಯಿತು. ಗಾಳಿ ಇರಲಿಲ್ಲ.

ಹೊದಿಕೆಗಳ ಬೀರುವಿನ ಹಿಂದೆ ಅವಳಿಗೆಂದು ಒಂದು ಮೇಜು ಕೊಟ್ಟಿದ್ದರು. ಕಿಟಕಿಯ ಆಚೆ, ಓಣಿಯ ಎದುರಿಗೆ, ಸೂರತ್ತಿನ ಕತಾರ್‌ಗಾಮ್ ಬಡಾವಣೆಯ ಸಾವಿರ ಕಾರ್ಖಾನೆಗಳಂಥದೇ ಒಂದು ವಜ್ರದ ಕಾರ್ಖಾನೆ. ಮೂರನೆಯ ಅಂತಸ್ತಿನಲ್ಲಿ ಹಗಲಿಗೂ ಟ್ಯೂಬ್‌ಲೈಟು ಹಚ್ಚಿಕೊಂಡು ಗಂಡಸರು ತಿರುಗುವ ಚಕ್ರಗಳ ಸುತ್ತ ಬಾಗಿ ಕುಳಿತಿರುತ್ತಿದ್ದರು. ಅವರಲ್ಲಿ ಕೆಲವರ ಹೆಂಡಂದಿರೇ ಈ ಟ್ರಸ್ಟ್ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ, ಬಸಿರಿನಲ್ಲಿ ರಕ್ತದ ಒತ್ತಡ ಏರಿ, ಮೂತ್ರದಲ್ಲಿ ಪ್ರೋಟೀನ್ ಕಂಡು, ಪಾದ ಊದಿಸಿಕೊಂಡು ಮಲಗಿರುತ್ತಿದ್ದರು. ಇವರಲ್ಲಿ ಯಾರಿಗೆ ಇನ್ನೆರಡು ದಿನದಲ್ಲಿ ಫಿಟ್ಸ್ ಬರುತ್ತದೆ, ಯಾರ ಮೂತ್ರಪಿಂಡ ಸೋಲುತ್ತದೆ, ಯಾರು ಏನೂ ಆಗದೆ ಮನೆಗೆ ಹೋಗುತ್ತಾರೆ ಎಂಬುದನ್ನು ಅಂಕಿಗಳಿಂದ ಮೊದಲೇ ಹೇಳಲು ಸಾಧ್ಯವೇ ಎಂದು ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳಲ್ಲಿ ಒಂದು ಅಧ್ಯಯನ ನಡೆದಿತ್ತು. ಸೂರತ್ತಿನ ಅಂಕಿಗಳನ್ನು ಬರೆದುಕೊಳ್ಳುವವಳು ಅನಸೂಯ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ. ಫಾರಂ ಬಿಡಿಸಿ ಕುಳಿತಳು. ಹನ್ನೊಂದನೆಯ ಹಾಸಿಗೆ: ನಿನ್ನೆ ನಾಲ್ಕು ಗಂಟೆ, ಅವಳದೇ ಕೈ, ೧೩೬/೮೮. ಇಂದು ಆರು ಗಂಟೆ, ರಾತ್ರಿ ಪಾಳಿಯ ಸಿಸ್ಟರ್, ೧೩೦/೮೦. ಹತ್ತು ಗಂಟೆ, ಖಾಲಿ. ಖಾಲಿ ಬಿಟ್ಟರೆ ಪಕ್ಕದಲ್ಲಿ ಕಾರಣದ ಸಂಖ್ಯೆ ಬರೆಯಬೇಕಿತ್ತು. ಒಂದು, ರೋಗಿ ಸ್ಥಳದಲ್ಲಿಲ್ಲ. ಎರಡು, ರೋಗಿ ಒಪ್ಪಲಿಲ್ಲ. ಮೂರು, ಉಪಕರಣ ಕೆಟ್ಟಿದೆ. ಅಳೆಯಬೇಕಾದವಳೇ ಹೋಗಲಿಲ್ಲ ಎಂಬುದಕ್ಕೆ ಸಂಖ್ಯೆ ಇರಲಿಲ್ಲ. ಅವಳು ೧೩೪/೮೬ ಎಂದು ಬರೆದಳು. ನಿನ್ನೆಯದನ್ನೇ ಬರೆದಿದ್ದರೆ ನಕಲು ಎಂದು ಗೊತ್ತಾಗುತ್ತಿತ್ತು. ಸೊನ್ನೆಯಲ್ಲಿ ಮುಗಿಸಿದ್ದರೆ ಅದು ತನ್ನ ಅಂಕಿಯಂತೆ ಕಾಣುತ್ತಿರಲಿಲ್ಲ. ಎರಡೆರಡು ಇಳಿಸಿದರೆ ಔಷಧ ನಿಧಾನವಾಗಿ ಕೆಲಸ ಮಾಡುತ್ತಿರುವಂತೆ ತೋರುತ್ತಿತ್ತು. ಇಷ್ಟನ್ನೂ ಅವಳು ಯೋಚಿಸಿಯೇ ಬರೆದಳು. ಮೂರು ಚೌಕಗಳಿಗೂ ಇಲ್ಲ, ಇಲ್ಲ, ಇಲ್ಲ. ಕಾರ್ಬನ್ನಿನ ಕೆಳಗಿನ ಹಳದಿ ಪ್ರತಿಯನ್ನು ಸಿಸ್ಟರ್ ಕೋಕಿಲಾ ಬಂದು ಕೇಸು ಫೈಲಿಗೆಂದು ಕಿತ್ತುಕೊಂಡು ಹೋದಾಗ ಹತ್ತೂ ಮುಕ್ಕಾಲು.

ಸೊನ್ನೆಯಲ್ಲಿ ಮುಗಿಯದಿರುವುದೇ ಅವಳ ಹೆಗ್ಗಳಿಕೆಯಾಗಿತ್ತು. ಫಾರಂಗಳು ಪ್ರತಿ ಶನಿವಾರ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿದ್ದ ಅಧ್ಯಯನದ ಕಚೇರಿಗೆ ಹೋಗುತ್ತಿದ್ದವು. ದೀಪಾವಳಿಯ ಮುಂಚೆ ಅಲ್ಲಿ ಒಂದು ದಿನದ ತರಬೇತಿ ನಡೆದಾಗ ಗೋಡೆಯ ಮೇಲೆ ಎರಡು ಚಿತ್ರ ತೋರಿಸಿದ್ದರು. ಒಂದು ಊರಿನ ರೀಡಿಂಗುಗಳ ಕೊನೆಯ ಅಂಕಿಗಳೆಲ್ಲ ಸೊನ್ನೆಯ ಮೇಲೆ ಗುಡ್ಡೆ ಬಿದ್ದಿದ್ದವು. ಸೂರತ್ತಿನವು ಸೊನ್ನೆ, ಎರಡು, ನಾಲ್ಕು, ಆರು, ಎಂಟರ ಮೇಲೆ ಸಮನಾಗಿ ಹರಡಿದ್ದವು. ಇದು ನಿಜವಾಗಿ ಅಳೆದವರ ಅಂಕಿ, ಎಂದರು. ಎಲ್ಲರೂ ಅವಳ ಕಡೆ ತಿರುಗಿದರು. ಆ ದಿನ ಊಟಕ್ಕೆ ಕೊಟ್ಟಿದ್ದ ಪೂರಿಯ ಎಣ್ಣೆ ಬೆರಳಿಗೆ ಅಂಟಿದ್ದದ್ದು, ಕರವಸ್ತ್ರ ಹುಡುಕುವ ನೆವದಲ್ಲಿ ಅವಳು ತಲೆ ಬಗ್ಗಿಸಿದ್ದು, ಮುಖ ಬೆಚ್ಚಗಾದದ್ದು ಎಲ್ಲ ನೆನಪಿತ್ತು. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ರಸಾಯನಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಬ್ಯುರೆಟ್ಟಿನ ರೀಡಿಂಗು ಮೂರು ಸಲ ತೆಗೆಯಬೇಕಿತ್ತು. ಇಡೀ ಕ್ಲಾಸು ಎರಡು ಸಲ ತೆಗೆದು, ಎರಡೂ ಹತ್ತಿರ ಬಂದರೆ ಮೂರನೆಯದನ್ನು ಸುಮ್ಮನೆ ಬರೆದು ಕ್ಯಾಂಟೀನಿಗೆ ಹೋಗುತ್ತಿತ್ತು. ಅನಸೂಯ ಒಬ್ಬಳೇ ನಿಂತು ಮೂರನೆಯದನ್ನು ತೆಗೆಯುತ್ತಿದ್ದಳು, ಹನಿ ಹನಿಯಾಗಿ, ಗುಲಾಬಿ ಬಣ್ಣ ಬಂದು ನಿಲ್ಲುವವರೆಗೆ. 'ಏನವಾ ಸತ್ಯಹರಿಶ್ಚಂದ್ರನ ಮಗಳೇ, ಚಹಾ ಆರತೈತಿ' ಎಂದು ಗೆಳತಿಯರು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಅವಳಿಗೆ ಆ ಕೂಗು ಬೇಕಾಗಿತ್ತು. ಕೂಗುವವರು ಇಲ್ಲದಿದ್ದರೆ ಮೂರನೆಯ ರೀಡಿಂಗು ತೆಗೆಯುತ್ತಿದ್ದೆನೇ ಎಂದು ಈಗ, ಈ ಮೇಜಿನ ಮುಂದೆ, ಮೊದಲ ಸಲ ಅನ್ನಿಸಿತು.

ಅವಳು ಡಾಕ್ಟರಲ್ಲ. ಸಿಸ್ಟರೂ ಅಲ್ಲ. ಗಂಡ ಚಂದ್ರಕಾಂತನಿಗೆ ವಿಮಾ ಕಂಪನಿಯಲ್ಲಿ ಸೂರತ್ತಿಗೆ ವರ್ಗವಾದಾಗ ಬಂದವಳು, ಎಂ.ಎಸ್ಸಿ. ಪದವಿಯನ್ನು ಐದು ವರ್ಷ ಟ್ರಂಕಿನಲ್ಲಿಟ್ಟುಕೊಂಡು ಕುಳಿತಿದ್ದವಳು. ವಾರ್ಡಿನಲ್ಲಿ ಅವಳ ಹೆಸರು ಫಾರಂವಾಳಾ ಬೆನ್, ಫಾರಂ ತುಂಬುವ ಅಕ್ಕ. ಇದನ್ನು ಅವಳು ನಾಲ್ಕು ದಿನ ಮರೆತಿದ್ದಳು. ಕಳೆದ ಗುರುವಾರ ತೃಪ್ತಿ ದಾಖಲಾದಾಗ, ಅವಳ ಗಂಡ ಮನೋಜ್, ಉಧ್ನಾದಲ್ಲಿ ರೈಲ್ವೆ ನೌಕರ, ದಾವಣಗೆರೆಯವನು, ಅತ್ತೆಯೊಡನೆ ಗಾಬರಿಯಲ್ಲಿ ನಿಂತಿದ್ದಾಗ, ಅನಸೂಯ ಬಿಳಿ ಕೋಟಿನಲ್ಲಿ ಹೋಗಿ ಕನ್ನಡದಲ್ಲಿ 'ಹೆದರಬ್ಯಾಡ್ರಿ' ಎಂದಿದ್ದಳು. ಶಾರದಮ್ಮ ಅವಳ ಎರಡೂ ಕೈ ಹಿಡಿದುಕೊಂಡುಬಿಟ್ಟಿದ್ದಳು. 'ನಮ್ಮ ದೇವರೇ ಕಳಿಸ್ದ ನೋಡ್ರಿ ನಿಮ್ಮನ್ನ. ಇಲ್ಲಿ ಒಬ್ಬರ ಮಾತೂ ತಿಳೀವಲ್ದು ಡಾಕ್ಟ್ರಮ್ಮಾ.' ಆ ಶಬ್ದವನ್ನು ಆಗಲೇ ತಿದ್ದಬೇಕಿತ್ತು. ಮರುದಿನ ತಿದ್ದುವುದು ಸ್ವಲ್ಪ ಕಷ್ಟವಾಯಿತು. ಮೂರನೆಯ ದಿನ, ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕು, ಮನೆಯಲ್ಲಿ ಎಲ್ಲ ಸಿದ್ಧವಾಗಿದೆ, ರೈಲಿನಲ್ಲಿ ಕರೆದುಕೊಂಡು ಹೋಗಬಹುದೇ ಎಂದು ಶಾರದಮ್ಮ ಕೇಳಿದಾಗ, ಅನಸೂಯ ಸ್ಟೆತಸ್ಕೋಪನ್ನು ಕುತ್ತಿಗೆಯಿಂದ ತೆಗೆದು ಸುತ್ತುತ್ತಾ, ತಾನು ಕಂಡಿದ್ದ ಎಲ್ಲ ಡಾಕ್ಟರುಗಳ ಹಾಗೆ ಒಂದು ಕ್ಷಣ ತಡೆದು, 'ಪ್ರೆಶರ್ ಹಿಂಗs ಇಳಕೋಂತ ಹೋದ್ರ ಹೋಗಬಹುದು' ಎಂದಿದ್ದಳು. ಆ ಕ್ಷಣದ ತಡೆಯುವಿಕೆ ಈಗ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರಿಸಿತು. ಮನೋಜ್ ಅಂದೇ ಬುಧವಾರ ಸಂಜೆಯ ಗಾಡಿಗೆ ಮೂರು ಬರ್ತು ಹಿಡಿದ. ಬುಧವಾರವೆಂದರೆ ನಾಳೆ. ನಿನ್ನೆ, ಸೋಮವಾರ ಸಂಜೆ, ಸಿಸ್ಟರ್ ಕೋಕಿಲಾ ದೂರದಿಂದ 'ಓ ಫಾರಂವಾಳಾ ಬೆನ್, ನಿಮ್ಮ ಕಾಗದ ಇಲ್ಲೇ ಬಿಟ್ಟಿದ್ದೀರಿ' ಎಂದು ಹಿಂದಿಯಲ್ಲಿ ಕೂಗಿದಳು. ಮನೋಜ್ ನಕ್ಕು ಅತ್ತೆಗೆ ಅದರ ಅರ್ಥ ಹೇಳಿದ. ಶಾರದಮ್ಮ ಅನಸೂಯಳನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. 'ಹಂಗಾರೆ ನೀವು ಡಾಕ್ಟ್ರಲ್ವಾ?' 'ಅಲ್ರೀ.' 'ನರ್ಸಮ್ಮ?' 'ಅಲ್ಲ.' 'ಮತ್ತೆ?' 'ನಾನು ಬರಕೊಳ್ಳಾಕಿ.' ಆಕೆ ಬೈಯಲಿಲ್ಲ. 'ಹಾಂ, ಬರಕೊಳ್ಳೋರು' ಎಂದಳು, ರೈತನಿಗೆ ಬೀಜದ ಬದಲು ಹೊಟ್ಟು ಕೊಟ್ಟಾಗ ಅವನು ಕೈಯಲ್ಲಿ ಹಿಡಿದು ನೋಡುವಂತೆ ಆ ಮಾತನ್ನು ನೋಡಿ.

ಹನ್ನೆರಡೂ ಇಪ್ಪತ್ತಕ್ಕೆ ಅನಸೂಯ ಪೆಟ್ಟಿಗೆ ಎತ್ತಿಕೊಂಡು ಎದ್ದಳು. ಈಗ ಅಳೆದರಾಯಿತು, ೧೩೪/೮೬ಕ್ಕೆ ಹತ್ತಿರ ಬಂದರೆ ಹತ್ತು ಗಂಟೆಯ ಸುಳ್ಳು ತಾನಾಗಿ ನಿಜವಾಗುತ್ತದೆ. ಹೀಗೆ ಯೋಚಿಸುವವರ ಫಾರಂಗಳನ್ನು ಅವಳು ತಿಂಗಳುಗಟ್ಟಲೆ ಮನಸ್ಸಿನಲ್ಲೇ ಹೀಯಾಳಿಸಿದ್ದಳು. ವಾರ್ಡಿನೊಳಗೆ ಮಧ್ಯಾಹ್ನದ ಊಟದ ವಾಸನೆ, ಫಿನೈಲು, ಅದರ ನಡುವೆ ಹನ್ನೊಂದನೆಯ ಹಾಸಿಗೆಯ ಹತ್ತಿರ ಬರುತ್ತಿದ್ದಂತೆ ತಲೆನೋವಿನ ಮುಲಾಮಿನ ಕಟುವಾಸನೆ. ಅವಳ ಹೆಜ್ಜೆ ನಿಂತಿತು. ತೃಪ್ತಿ ಮಲಗಿದ್ದಳು, ದುಪಟ್ಟಾ ಕಣ್ಣಿನ ಮೇಲೆ. ಹಣೆಯ ಎರಡೂ ಕಡೆ ಚರ್ಮ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಶಾರದಮ್ಮ ಚೀಲಕ್ಕೆ ಬಟ್ಟೆ ತುಂಬುತ್ತಿದ್ದವಳು ಎದ್ದು ಬಂದಳು. ಮುಖದಲ್ಲಿ ನಿನ್ನೆಯ ನೋಟವಿರಲಿಲ್ಲ.

"ಬರ್ರಿ ಬರ್ರಿ. ನಾನೇ ಬರೋಳಿದ್ದೆ ನಿಮ್ಮ ಹತ್ರ."

"ಪ್ರೆಶರ್ ನೋಡಬೇಕಿತ್ತು..."

"ಅಯ್ಯ, ಯಾಕೆ ಮತ್ತೆ? ಬರೆದಿದ್ದೀರಂತಲ್ಲ." ಆಕೆ ದನಿ ತಗ್ಗಿಸಿದಳು. "ಮನೋಜ ಆ ಸಿಸ್ಟರಿನ ಹತ್ರ ಕೇಳ್ಕೊಂಡು ಬಂದ. ಛಲೋ ಐತಂತೆ, ಬಿಡುಗಡೆ ಆಗ್ತದಂತೆ. ನೀವು ಹತ್ತು ಗಂಟೆಗೆ ಈ ಕಡೆ ಬರ್ಲಿಲ್ಲ ಅನ್ನೋದು ನಂಗೆ ಗೊತ್ತಿಲ್ವಾ? ನನ್ನ ಬೆನ್ನಿಗೂ ಕಣ್ಣವೆ."

ಅನಸೂಯ ಏನೋ ಹೇಳಲು ಬಾಯಿ ತೆರೆದಳು.

"ಏನೂ ಅನ್ನಬ್ಯಾಡ್ರಿ. ನಿನ್ನೆ ನಾನೂ ಒಂದು ಮಾತು ಕೆಟ್ಟದ್ದಾಗಿ ಅಂದೆ. ನೀವು ಮನಸಿನಾಗೆ ಇಟ್ಕಳ್ಳಿಲ್ಲ. ನಮ್ಮ ಭಾಷೆಯೋರು ಅಂದ್ರೆ ಹಿಂಗೇ ಇರ್ಬೇಕು." ಚೀಲದೊಳಗಿಂದ ಆಕೆ ಒಂದು ಕುಪ್ಪಸದ ಕಣ ತೆಗೆದಳು, ಕೆಂಪು ಅಂಚಿನ ಹಸಿರು. ಪುಟ್ಟ ಡಬ್ಬಿಯಿಂದ ಕುಂಕುಮ ತೆಗೆದು ಅನಸೂಯಳ ಹಣೆಗಿಟ್ಟು, ಕಣವನ್ನು ಪಾದರಸದ ಪೆಟ್ಟಿಗೆಯ ಮೇಲೆಯೇ ಇಟ್ಟಳು. ಅನಸೂಯ ಅದನ್ನು ತೆಗೆದುಕೊಂಡಳು. ತನ್ನ ಬೆರಳುಗಳು ಬಟ್ಟೆಯ ಮೇಲೆ ಮಡಿಚಿಕೊಂಡದ್ದನ್ನು ಅವಳು ನೋಡಿದಳು. ಹೇಡಿತನದಿಂದ ಮಾಡಿದ್ದು ಇನ್ನೊಬ್ಬರ ಕಣ್ಣಿಗೆ ಉಪಕಾರವಾಗಿ ಕಾಣಬಹುದೆಂದು ಅವಳಿಗೆ ಗೊತ್ತಿರಲಿಲ್ಲ; ಕಂಡಾಗ ಅದರಿಂದ ಒಂದು ಸಣ್ಣ ಸುಖವೂ ಆಗಬಹುದೆಂದು ಇನ್ನೂ ಗೊತ್ತಿರಲಿಲ್ಲ.

"ತಲಿನೋವೈತೇನ್ರಿ ಆಕಿಗೆ?"

"ನಿದ್ದೆ ಇಲ್ಲ. ಅದಕ್ಕೇ."

"ಯಾವಾಗಿಂದ?"

"ಅವ್ವಾ, ನಿನ್ನೆ ರಾತ್ರಿಯಿಂದ ಅಂತ ಹೇಳು," ಎಂದಳು ತೃಪ್ತಿ ದುಪಟ್ಟಾದ ಕೆಳಗಿಂದ.

"ನೀ ಸುಮ್ಮನಿರು. ಊರಿಗೆ ಹೋಗೋದು ಬ್ಯಾಡ್ವಾ ನಿಂಗೆ?"

ತೃಪ್ತಿ ದುಪಟ್ಟಾ ಸರಿಸಿ ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ರೆಪ್ಪೆಗಳು ಊದಿಕೊಂಡಿದ್ದವು. ಅನಸೂಯಳ ಮುಖದ ಮೇಲೆ ದೃಷ್ಟಿಯಿಟ್ಟು, ಸ್ವಲ್ಪ ನಗಲು ಪ್ರಯತ್ನಿಸುತ್ತಾ, "ಅಕ್ಕಾ, ನಿಮ್ಮ ಮುಖ ಅರ್ಧನೇ ಕಾಣ್ತೈತೆ" ಎಂದಳು.

ಅಷ್ಟರಲ್ಲಿ ರೌಂಡು ಬಂದುಬಿಟ್ಟಿತು. ಡಾಕ್ಟರ್ ಹಂಸಾಬೆನ್ ಗಿಡ್ಡ ಹೆಂಗಸು, ಬಹಳ ವೇಗವಾಗಿ ನಡೆಯುತ್ತಿದ್ದಳು. ಹಿಂದೆ ಫೈಲುಗಳನ್ನು ಹೊತ್ತ ಸಿಸ್ಟರ್ ಕೋಕಿಲಾ, ಅವಳ ಹಿಂದೆ ಇಬ್ಬರು ಕಿರಿಯ ಡಾಕ್ಟರುಗಳು, ಬಾಗಿಲ ಹತ್ತಿರ ಮನೋಜ್. ಹತ್ತನೆಯ ಹಾಸಿಗೆಗೆ ಒಂದು ನಿಮಿಷ, ಹನ್ನೊಂದಕ್ಕೆ ಬಂದಾಗಲೇ ಹಳದಿ ಕಾಗದ ಕೈಯಲ್ಲಿತ್ತು. ಅಲ್ಲಿ ಎಲ್ಲರೂ ಹಿಂದಿಯಲ್ಲೇ ಮಾತಾಡುತ್ತಿದ್ದರು. "ಉಧ್ನಾದ ರೈಲ್ವೆಯವರು. ತವರಿಗೆ ಹೋಗಬೇಕು, ಅಲ್ಲವೇ? ನಲವತ್ತೆಂಟು ಗಂಟೆ ನೂರನಲವತ್ತರ ಕೆಳಗಿದ್ದರೆ ಬಿಡುತ್ತೇನೆ ಅಂದಿದ್ದೆ. ರಕ್ತ ಪರೀಕ್ಷೆ ಭಾನುವಾರ ಸರಿಯಿತ್ತು. ಆರಕ್ಕೆ ನೂರಾಮೂವತ್ತು–ಎಂಬತ್ತು. ಇದು ಬಿಡಿ, ನಮ್ಮ ಸಿಸ್ಟರುಗಳು ಅಳೆದರೆ ಇಡೀ ಸೂರತ್ತಿಗೇ ನೂರಾಮೂವತ್ತು–ಎಂಬತ್ತು." ಕಿರಿಯ ಡಾಕ್ಟರುಗಳು ನಕ್ಕರು. "ಮೇಡಂ, ನಮಗೆ ನಲವತ್ತು ಹಾಸಿಗೆ, ಅವರಿಗೆ ಹದಿನಾಲ್ಕು," ಎಂದಳು ಕೋಕಿಲಾ, ನಗದೆ. "ಹತ್ತಕ್ಕೆ ೧೩೪/೮೬. ಇದು ಅನಸೂಯಾಬೆನ್ ತೆಗೆದದ್ದು. ಇದು ಪಕ್ಕಾ. ತಲೆನೋವು ಇಲ್ಲ, ಕಣ್ಣು ಸರಿ." ಪೆನ್ನಿನ ಮುಚ್ಚಳ ತೆಗೆದಳು. "ದಾವಣಗೆರೆಯಲ್ಲಿ ಇಳಿದ ದಿನವೇ ಡಾಕ್ಟರಿಗೆ ತೋರಿಸಬೇಕು. ಪತ್ರ ಕೊಡುತ್ತೇನೆ. ತಲೆನೋವು ಇಲ್ಲವಲ್ಲ ಮಾಜೀ?" ಶಾರದಮ್ಮನಿಗೆ ಅಷ್ಟು ಹಿಂದಿ ತಿಳಿಯಿತು. "ನೈ, ನೈ," ಎಂದಳು.

ಅನಸೂಯ ಮಂಚದ ಇನ್ನೊಂದು ಬದಿಯಲ್ಲಿ ನಿಂತಿದ್ದಳು, ಪೆಟ್ಟಿಗೆ, ಅದರ ಮೇಲೆ ಹಸಿರು ಕಣ, ಹಣೆಯಲ್ಲಿ ಹಸಿ ಕುಂಕುಮ. ಹೇಳದಿದ್ದರೆ ಏನಾಗುತ್ತದೆ ಎಂಬುದು ಅವಳಿಗೆ ಈ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆರು ತಿಂಗಳಿಂದ ಅದನ್ನೇ ಬರೆದುಕೊಂಡಿದ್ದಳು. ತಲೆನೋವು ಹೌದು, ಕಣ್ಣು ಮಂಜು ಹೌದು ಎಂದಿದ್ದ ಫಾರಂಗಳ ಕೊನೆಯ ಪುಟದಲ್ಲಿ ಏನಿರುತ್ತಿತ್ತು ಎಂದು ಗೊತ್ತಿತ್ತು. ಗಾಡಿ ಮೂವತ್ತು ತಾಸಿನ ದಾರಿ. ಎರಡು ಸ್ಟೇಷನ್ನುಗಳ ನಡುವೆ, ಮೇಲಿನ ಬರ್ತಿನಲ್ಲಿ ಮಲಗಿದ ಅಪರಿಚಿತರ ನಡುವೆ, ಹಲ್ಲು ಕಚ್ಚಿಕೊಂಡು ಸೆಟೆಯುವ ಆ ದೇಹ. ಆದರೂ ಇನ್ನೊಮ್ಮೆ ಅಳೆಯುತ್ತೇನೆ ಎಂದಷ್ಟೇ ಹೇಳಿದರೆ ಸಾಕು, ಹತ್ತು ಗಂಟೆಯ ಮಾತು ಬೇಕಿಲ್ಲ ಎಂದು ಲೆಕ್ಕ ಹಾಕಿದಳು. "ಮೇಡಂ, ಇನ್ನೊಮ್ಮೆ ನೋಡಲೇ?" ಎಂದಳು.

"ಯಾಕೆ? ನಾಲ್ಕಕ್ಕೆ ನೋಡುವಿರಂತೆ. ಪತ್ರ ಬರೆದುಬಿಡುತ್ತೇನೆ."

"ಅವಳಿಗೆ ತಲೆನೋವಿದೆ. ರಾತ್ರಿಯಿಂದ. ಕಣ್ಣಿಗೆ ಅರ್ಧ ಕಾಣುತ್ತಿದೆ."

ಪೆನ್ನು ನಿಂತಿತು. "ಹತ್ತು ಗಂಟೆಗೆ ಇಲ್ಲ ಅಂತ ಬರೆದಿದ್ದೀರಿ."

"ಕೇಳಲಿಲ್ಲ."

"ಕೇಳದೆ ಬರೆದಿರಾ? ಪ್ರೆಶರು?"

"ತೆಗೆಯಲಿಲ್ಲ ಮೇಡಂ." ತನ್ನ ಹಿಂದಿ ತಪ್ಪಾಗಿರಬಹುದು ಎಂಬಂತೆ ಎಲ್ಲರೂ ನೋಡುತ್ತಿದ್ದುದರಿಂದ ಅವಳು ಮತ್ತೊಮ್ಮೆ ಹೇಳಿದಳು. "ಹತ್ತು ಗಂಟೆಗೆ ನಾನು ಈ ಹಾಸಿಗೆಗೆ ಬರಲೇ ಇಲ್ಲ. ಮನಸ್ಸಿನಿಂದ ಬರೆದೆ."

ಹಂಸಾಬೆನ್ ಹಳದಿ ಕಾಗದವನ್ನೇ ನೋಡುತ್ತಿದ್ದಳು, ಸಿಟ್ಟಿಗಿಂತ ಹೆಚ್ಚಾಗಿ ಬೇಸರದಿಂದ, ಮನೆಯಲ್ಲಿ ಒಳ್ಳೆಯದೆಂದು ನಂಬಿ ಇಟ್ಟುಕೊಂಡಿದ್ದ ಒಂದೇ ತಕ್ಕಡಿಯನ್ನು ಈಗ ಎಸೆಯಬೇಕಾಗಿ ಬಂದವಳಂತೆ. "ಇನ್ನೂರ ಹದಿನಾಲ್ಕು ಫಾರಂ ಕಳಿಸಿದ್ದೀರಿ," ಎಂದಳು ಕೊನೆಗೆ. "ಉಳಿದವು?" "ಉಳಿದವೆಲ್ಲ ಸರಿ ಇವೆ ಮೇಡಂ." ಅದು ನಿಜ. ಆದರೆ ಅದನ್ನು ಹೇಳಿದ ದನಿ ಅವಳಿಗೇ ಸುಳ್ಳು ಹೇಳುವವರ ದನಿಯಂತೆ ಕೇಳಿಸಿತು; ಇನ್ನು ಮುಂದೆ ಹಾಗೆಯೇ ಕೇಳಿಸುತ್ತದೆ, ಅದನ್ನು ಸರಿಪಡಿಸುವ ಯಾವ ಮೂರನೆಯ ರೀಡಿಂಗೂ ಇಲ್ಲ. ಕೋಕಿಲಾ ಅವಳ ಕಡೆ ನೋಡಿ ಸಣ್ಣಗೆ ನಕ್ಕಳು. ಅದರಲ್ಲಿ ಗೆಲುವಿರಲಿಲ್ಲ. ಕೊನೆಗೂ ನಮ್ಮವಳಾದೆ ಎಂಬ ಒಂದು ಬಗೆಯ ಸ್ನೇಹವಿತ್ತು, ಅದೇ ತಾಳಲಾಗಲಿಲ್ಲ. ಶಾರದಮ್ಮನಿಗೆ ಮಾತು ತಿಳಿಯದಿದ್ದರೂ ಪೆನ್ನು ನಿಂತದ್ದು ತಿಳಿದಿತ್ತು. "ಏನಂದ್ರಿ ಅವರಿಗೆ?" ಎಂದಳು ಕನ್ನಡದಲ್ಲಿ. "ಏನು ಹೇಳಿದ್ರಿ? ನಾನೇನು ಮಾಡಿದ್ದೆ ನಿಮಗೆ? ಹೇಳ್ರಿ. ಕುಂಕುಮ ಇಟ್ಟೆನಲ್ರೀ ಈಗ."

"ತೆಗೆಯಿರಿ," ಎಂದಳು ಹಂಸಾಬೆನ್. "ನಮ್ಮೆಲ್ಲರ ಮುಂದೆ."

ಅನಸೂಯ ಕಣವನ್ನು ಮಂಚದ ಕಾಲ ಬಳಿ ಇಟ್ಟು ಪೆಟ್ಟಿಗೆ ತೆರೆದಳು. ತೃಪ್ತಿಯನ್ನು ಎಬ್ಬಿಸಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಎಡಗೈಯನ್ನು ಎದೆಯ ಮಟ್ಟಕ್ಕೆ ತಂದಳು. ಬಳೆಗಳನ್ನು ಮೇಲೆ ಸರಿಸಲು ಹೋದರೆ ಸರಿಯಲಿಲ್ಲ. ಮಣಿಕಟ್ಟು ಊದಿ ಅವು ಚರ್ಮದಲ್ಲಿ ಹೂತಿದ್ದವು. ನಿನ್ನೆ ಸಂಜೆ ಅವು ಸಡಿಲವಾಗಿದ್ದದ್ದು ಅವಳಿಗೆ ಸ್ಪಷ್ಟವಾಗಿ ನೆನಪಿತ್ತು. ಪಟ್ಟಿ ಸುತ್ತಿ, ಸ್ಟೆತಸ್ಕೋಪ್ ಕಿವಿಗಿಟ್ಟು, ರಬ್ಬರ್ ಬುಗ್ಗೆ ಒತ್ತಿದಳು. ಹಿಂದಿನ ಅಂಕಿಗಿಂತ ಮೂವತ್ತು ಮೇಲೇರಿಸುವುದು ರೂಢಿ, ಕೈಗೆ ಹತ್ತು ಗಂಟೆಯ ಅಂಕಿಯೇ ನೆನಪಿತ್ತು: ನೂರಾ ಮೂವತ್ನಾಲ್ಕರ ಮೇಲೆ ಮೂವತ್ತು, ನೂರಾ ಅರವತ್ನಾಲ್ಕರಲ್ಲಿ ಬೆರಳು ತಾನಾಗಿ ನಿಂತಿತು. ತಿರುಪು ಸಡಿಲಿಸುವ ಮುಂಚೆಯೇ ಬಡಿತ ಕೇಳಿಸುತ್ತಿತ್ತು, ಗಟ್ಟಿಯಾಗಿ, ಯಾರೋ ಒಳಗಿನಿಂದ ಬಾಗಿಲು ತಟ್ಟುವಂತೆ; ಒತ್ತಡ ಅದಕ್ಕೂ ಮೇಲಿತ್ತು. ಗಾಳಿಯನ್ನೆಲ್ಲ ಬಿಟ್ಟಳು. ಒಂದು ನಿಮಿಷ ಕಾಯಬೇಕು, ಅದು ನಿಯಮ. ಕಾದಳು. ಮನೋಜ್ ಮಂಚದ ಹತ್ತಿರ ಬಂದು ನಿಂತಿದ್ದ. ಶಾರದಮ್ಮ ಮಾತು ನಿಲ್ಲಿಸಿ ಮಗಳ ಮುಖ ನೋಡುತ್ತಿದ್ದಳು. ಮಗಳ ತೋಳು ಅನಸೂಯಳ ಅಂಗೈಯಲ್ಲಿ ಭಾರವಾಗಿ, ಬಿಸಿಯಾಗಿತ್ತು. ಎರಡನೆಯ ಸಲ ಇನ್ನೂರರವರೆಗೆ ಏರಿಸಿ, ತಿರುಪನ್ನು ಕೂದಲೆಳೆಯಷ್ಟು ಬಿಟ್ಟು, ಪಾದರಸದ ಮಟ್ಟಕ್ಕೆ ಕಣ್ಣು ತಂದು ಬಾಗಿದಳು. ಇಳಿಯಿತು, ಇಳಿಯಿತು, ಒಂದು ಬಡಿತ, ಅದರ ಹಿಂದೆ ಇನ್ನೊಂದು. ಅವಳು ಕಣ್ಣು ಮಿಟುಕಿಸದೆ ಕೊನೆಯ ಸದ್ದು ಅಳಿಯುವವರೆಗೆ ಕೇಳಿ, ಪೆನ್ನು ಕೇಳಿ ತೆಗೆದುಕೊಂಡು ಹಳದಿ ಕಾಗದದಲ್ಲಿ ಹತ್ತು ಗಂಟೆಯ ಸಾಲಿಗೆ ಅಡ್ಡಗೆರೆ ಎಳೆದು ಕೆಳಗೆ ಬರೆದಳು. ಎಡಗೈ, ಕುಳಿತ ಭಂಗಿ, ಮಧ್ಯಾಹ್ನ ಹನ್ನೆರಡು ಗಂಟೆ ಐವತ್ತೆರಡು ನಿಮಿಷ: ೧೭೮/೧೧೬.